ಭೀಮೆಯ ದಂಡೆಯ ಪರಲೋಕಗಳು

ಮೂವತ್ತು ವರ್ಷಗಳ ಹಿಂದಿನ ಮಾತು. ಜೇವರ್ಗಿಯಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಮನೆತನದ ಪದ್ಧತಿಯಂತೆ ಅವರನ್ನು ವಿಮಾನದಲ್ಲಿ ಕುಳ್ಳಿರಿಸಿ, ಭಜನೆಯೊಡನೆ ಹೊಲಕ್ಕೆ ಒಯ್ದು, ಕುಳಿತ ಭಂಗಿಯಲ್ಲಿಯೇ ಸಮಾಧಿಗೆ ಇಳಿಸಿದೆವು. ಅಂಗೈಯಲ್ಲಿ ಇಷ್ಟಲಿಂಗ, ಸುತ್ತಲೂ ವಿಭೂತಿ, ಬಿಲ್ವಪತ್ರೆ. ಬಂದವರೆಲ್ಲ ಹಿಡಿ ಹಿಡಿ ಮಣ್ಣು ಹಾಕಿದರು. ತಂದೆಯವರಿಗೆ ಬಾಲ್ಯದ ಗೆಳೆಯರೊಬ್ಬರಿದ್ದರು, ಮುಸಲ್ಮಾನರು. ನಾವು ಚಿಕ್ಕಂದಿನಿಂದಲೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. ಅವರೂ ತಮ್ಮವರ ರೀತಿಯಲ್ಲಿ ಮೂರು ಹಿಡಿ ಮಣ್ಣು ಹಾಕಿದರು. ಹಿಂದಿರುಗುವ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡು ಕೇಳಿದರು:

"ತಮ್ಮಾ, ನೀ ಓದಿದಾಂವ. ನಿಮ್ಮಪ್ಪ ಈಗ ಎಲ್ಲಿ ಹೋಗ್ಯಾನಂತೀ?"

"ಲಿಂಗದಾಗ ಐಕ್ಯ ಆಗ್ಯಾರ್ರಿ ಚಾಚಾ" ಎಂದೆ.

ಅವರು ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ, "ನಮ್ಮಾಗ ಹಂಗಿಲ್ಲ. ನಮ್ಮವರು ಕಿಯಾಮತ್ ತನಕಾ ಕಾಯ್ಕೋತ ಮಲಗಿರತಾರ. ಆಮ್ಯಾಲ ಎಲ್ಲಾರೂ ಏಳತಾರ. ಅಂವ ಐಕ್ಯ ಆದ ಅಂದ್ರ, ನಾ ಎದ್ದಾಗ ನನಗ ಭೇಟಿ ಆಗಾಂಗಿಲ್ಲೇನು?" ಎಂದರು.

ಪರಲೋಕದ ವಿಚಾರವಾಗಿ ನಾನು ಓದಿದ್ದ ಯಾವ ಗ್ರಂಥದಲ್ಲಿಯೂ ಪ್ರಶ್ನೆ ಈ ರೂಪದಲ್ಲಿ ಎದುರಾಗಿರಲಿಲ್ಲ. ಎರಡು ಮತಗಳು ಬೇರೆ ಬೇರೆ ಎಂಬುದು ನನಗೆ ಗೊತ್ತಿತ್ತು. ಆ ಬೇರೆತನ ಇಬ್ಬರು ಗೆಳೆಯರನ್ನು ಅಗಲಿಸಬಲ್ಲದೆಂಬುದು ಹೊಳೆದಿರಲಿಲ್ಲ. ಅಂದಿನಿಂದ ನಾನು ನಮ್ಮ ಭೀಮೆಯ ಸೀಮೆಯ ಇತಿಹಾಸವನ್ನು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದುತ್ತ ಬಂದಿದ್ದೇನೆ. ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಒಂದು ದಿನದ ಪ್ರಯಾಣದೊಳಗೆ ಇಷ್ಟೊಂದು ಬಗೆಯ ಉತ್ತರಗಳು ಸಿಕ್ಕುವ ನಾಡು ಬೇರೆ ಇದೆಯೋ ಇಲ್ಲವೋ ನಾನರಿಯೆ.

ಎಲ್ಲಕ್ಕಿಂತ ಹಳೆಯ ಉತ್ತರ ಸನ್ನತಿಯದು. ಭೀಮಾ ನದಿಯ ದಂಡೆಯ ಈ ಊರಿನಲ್ಲಿ ಚಂದ್ರಲಾಂಬೆಯ ಗುಡಿಯಿದೆ. 1980ರ ದಶಕದಲ್ಲಿ ಅದರ ಆವರಣದ ಕಾಳಿಕಾ ಗುಡಿ ಕುಸಿದಾಗ, ದೇವಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಕಾಣಿಸಿತು. ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳು ಆ ಕಲ್ಲಿನಲ್ಲಿವೆ. ಜೊತೆಗೆ 12 ಮತ್ತು 14ನೆಯ ಶಿಲಾಶಾಸನಗಳೂ ಇವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದೂ, ಅವರಿಗೆ ಈ ಲೋಕದಲ್ಲಿಯೂ ಪರಲೋಕದಲ್ಲಿಯೂ ಹಿತಸುಖಗಳು ದೊರೆಯಲೆಂಬುದೇ ತನ್ನ ಬಯಕೆಯೆಂದೂ ಚಕ್ರವರ್ತಿ ಅಲ್ಲಿ ಹೇಳಿಕೊಂಡಿದ್ದಾನೆ. ಪರಲೋಕ ಹೇಗಿರುತ್ತದೆಂದು ಮಾತ್ರ ವಿವರಿಸಲು ಹೋಗಿಲ್ಲ.

ಸನ್ನತಿಗೆ ಸೇರಿದಂತೆಯೇ ಇರುವ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ಬೌದ್ಧ ಸ್ತೂಪವೊಂದು ಹೊರಬಂತು. ಅಶೋಕನ ಹೆಸರನ್ನು ಕೆತ್ತಿದ ಶಿಲ್ಪ ಅಲ್ಲಿಯ ಪ್ರಸಿದ್ಧ ವಸ್ತು. ಸ್ತೂಪವನ್ನು ಹೊದಿಸಿದ್ದ ಚಪ್ಪಡಿಗಳ ಮೇಲೆ ಜಾತಕ ಕಥೆಗಳೂ ಇವೆ. ಜಾತಕವೆಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆ. ಆದರೆ ಬೌದ್ಧಮತ ಶಾಶ್ವತವಾದ ಆತ್ಮವನ್ನು ಒಪ್ಪುವುದಿಲ್ಲ. ಆತ್ಮವೇ ಇಲ್ಲದಿದ್ದ ಮೇಲೆ ಮರಳಿ ಹುಟ್ಟುವವರು ಯಾರು? ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚಿದ ಹಾಗೆ ಎಂದು ಬೌದ್ಧರು ಉತ್ತರಿಸಿದರು. ಉರಿ ಮುಂದುವರಿಯುತ್ತದೆ, ಆದರೆ ಯಾವ ವಸ್ತುವೂ ಅಲ್ಲಿಂದ ಇಲ್ಲಿಗೆ ಹೋಗುವುದಿಲ್ಲ. ಮುಕ್ತನಾದವನು ಸತ್ತ ಮೇಲೆ ಇರುತ್ತಾನೆಯೇ, ಇಲ್ಲವೇ ಎಂದು ಕೇಳಿದಾಗ ಬುದ್ಧ ಉತ್ತರಿಸಲಿಲ್ಲವೆಂದು ಪಾಲಿ ಗ್ರಂಥಗಳು ಹೇಳುತ್ತವೆ. ವಿಷದ ಬಾಣ ನೆಟ್ಟವನು ಬಾಣವನ್ನು ಕೀಳಿಸಿಕೊಳ್ಳುವುದನ್ನು ಬಿಟ್ಟು, ಬಿಟ್ಟವನ ಕುಲಗೋತ್ರ ವಿಚಾರಿಸುತ್ತ ಕುಳಿತಂತೆ ಎಂಬುದು ಅವನು ಕೊಟ್ಟ ದೃಷ್ಟಾಂತ.

ಅಲ್ಲಿಂದ ಮಳಖೇಡಕ್ಕೆ ಬನ್ನಿ. ಕಾಗಿಣಾ ನದಿಯ ತೀರದ ಈ ಊರು ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗ ಹುಟ್ಟಿದ ರಾಜಧಾನಿ. ಜೈನರ ಉತ್ತರ ಬೌದ್ಧರದಕ್ಕೆ ನೇರ ವಿರುದ್ಧ. ಆತ್ಮವುಂಟು, ಒಂದಲ್ಲ, ಅನಂತ ಆತ್ಮಗಳುಂಟು. ಕರ್ಮದ ಧೂಳು ಪೂರ್ತಿ ಕಳಚಿದಾಗ ಆತ್ಮ ತಾನಾಗಿ ಮೇಲಕ್ಕೇರಿ ಲೋಕದ ನೆತ್ತಿಯಲ್ಲಿರುವ ಸಿದ್ಧಶಿಲೆಯನ್ನು ಸೇರುತ್ತದೆ. ಅಲ್ಲಿಯೂ ಅದು ಯಾವುದರಲ್ಲಿಯೂ ಬೆರೆಯುವುದಿಲ್ಲ. ತನ್ನಷ್ಟಕ್ಕೆ ತಾನು ನಿಲ್ಲುತ್ತದೆ. ಈ ನಂಬಿಕೆ ಸಾಯುವ ಕ್ರಮವನ್ನೇ ಒಂದು ವ್ರತವಾಗಿಸಿತು. 973ರಲ್ಲಿ ತೈಲಪನು ರಾಷ್ಟ್ರಕೂಟರ ರಾಜ್ಯವನ್ನು ಕಿತ್ತುಕೊಂಡ. ಮೂರನೆಯ ಕೃಷ್ಣನ ಮೊಮ್ಮಗನಾದ ನಾಲ್ಕನೆಯ ಇಂದ್ರನನ್ನು ಮತ್ತೆ ಪಟ್ಟಕ್ಕೆ ತರಲು ಗಂಗರ ಮಾರಸಿಂಹ ಹೆಣಗಿದ, ಫಲಿಸಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತವನ್ನು ಹಿಡಿದ. ಮಾನ್ಯಖೇಟದ ಸಿಂಹಾಸನದ ಕೊನೆಯ ವಾರಸುದಾರ ರಾಜ್ಯವನ್ನಷ್ಟೇ ಅಲ್ಲ, ಅನ್ನವನ್ನೂ ತಾನಾಗಿ ಬಿಟ್ಟು ಹೋದನೆಂಬುದು ನಮ್ಮ ಇತಿಹಾಸದ ಗಂಭೀರವಾದ ಪುಟಗಳಲ್ಲೊಂದು. ಸಾವಿರ ವರ್ಷಗಳ ನಂತರ, 2015ರಲ್ಲಿ, ಇದು ಆತ್ಮಹತ್ಯೆಯೆಂದು ರಾಜಸ್ಥಾನದ ಉಚ್ಚ ನ್ಯಾಯಾಲಯ ಹೇಳಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಪರಲೋಕದ ನಂಬಿಕೆ ಇಹಲೋಕದ ಕಾಯಿದೆಯನ್ನು ಹೀಗೆಯೂ ಮುಟ್ಟುತ್ತದೆ.

ಅದೇ ಕಾಲದಲ್ಲಿ ಊರ ತುರುಗಳಿಗಾಗಿ ಕಾದಿ ಸತ್ತ ಸಾಮಾನ್ಯನಿಗೆ ಇಷ್ಟೆಲ್ಲ ತಪಸ್ಸು ಬೇಕಿರಲಿಲ್ಲ. ಅವನ ಪರಲೋಕವನ್ನು ವೀರಗಲ್ಲಿನ ಮೇಲೆ ಕಾಣಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ; ಮೇಲೆ ಶಿವಲಿಂಗದ ಸನ್ನಿಧಿ. ಗೆದ್ದರೆ ಸಂಪತ್ತು, ಸತ್ತರೆ ದೇವಾಂಗನೆ ಎಂಬ ಸರಳವಾದ ಲೆಕ್ಕ.

ಮಳಖೇಡದಲ್ಲಿಯೇ ಇನ್ನೊಂದು ಉತ್ತರವೂ ನಿಂತಿದೆ. ಅಲ್ಲಿ 14ನೆಯ ಶತಮಾನದ ಮಾಧ್ವ ಯತಿ ಅಕ್ಷೋಭ್ಯತೀರ್ಥರ ವೃಂದಾವನವಿದೆ. ಗೃಹಸ್ಥನನ್ನು ದಹನ ಮಾಡುವ ಸಂಪ್ರದಾಯವೇ ಯತಿಯನ್ನು ಮಣ್ಣಿನಲ್ಲಿರಿಸಿ ಪೂಜಿಸುತ್ತದೆ. ಜೀವರಲ್ಲಿ ಮುಕ್ತಿಗೆ ಯೋಗ್ಯರು, ಎಂದೆಂದೂ ಸಂಸಾರದಲ್ಲಿ ಸುತ್ತುವವರು, ತಮಸ್ಸಿಗೆ ಯೋಗ್ಯರು ಎಂದು ಮೂರು ವರ್ಗಗಳನ್ನು ಹೇಳಿ, ಮುಕ್ತರ ಆನಂದದಲ್ಲಿಯೂ ತಾರತಮ್ಯವುಂಟೆಂದು ಸಾರಿದವರು ಮಧ್ವಾಚಾರ್ಯರು. ಭೇದ ಸಾವಿನಿಂದ ಅಳಿಯುವುದಿಲ್ಲ ಎಂಬುದು ಅವರ ನಿಲುವು.

ಇನ್ನು ನಮ್ಮ ಜೇವರ್ಗಿಯ ಮಾತು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಬಾಳಿದ ಷಣ್ಮುಖ ಶಿವಯೋಗಿಗಳು, ಕಲ್ಯಾಣದ ಶರಣರ ಕಾಲ ಕಳೆದು ಐನೂರು ವರ್ಷಗಳಾದ ಮೇಲೆ, ತಮ್ಮ ಗುರು ಅಖಂಡೇಶ್ವರರ ಹೆಸರನ್ನೇ ಅಂಕಿತವಾಗಿರಿಸಿಕೊಂಡು ಏಳುನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ಅವುಗಳ ಜೋಡಣೆ ಷಟ್‌ಸ್ಥಲಗಳ ಕ್ರಮದಲ್ಲಿದೆ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಕೊನೆಗೆ ಐಕ್ಯ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಾವು ಇಂದು ಯಾರಾದರೂ ತೀರಿಕೊಂಡರೆ ‘ಲಿಂಗೈಕ್ಯರಾದರು’ ಎನ್ನುತ್ತೇವೆ. ಶರಣರ ಮಾತಿನಲ್ಲಿ ಐಕ್ಯವು ಸಾವಿನ ಇನ್ನೊಂದು ಹೆಸರಲ್ಲ. ಬದುಕಿರುವಾಗಲೇ ಏರಬೇಕಾದ ನೆಲೆ. ಸ್ವರ್ಗ ನರಕಗಳನ್ನು ಬಸವಣ್ಣನವರು ಮನುಷ್ಯನ ನಡತೆಯೊಳಗೇ ತಂದಿರಿಸಿದ್ದರು. ಸಾವು ಬರುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಆದ್ದರಿಂದ ಶ್ರಾದ್ಧವಿಲ್ಲ, ಪಿಂಡವಿಲ್ಲ, ಸೂತಕವಿಲ್ಲ. ಶರಣರ ಗುಣ ಮರಣದಲ್ಲಿ ಕಾಣು ಎಂಬ ಗಾದೆಯ ಹಿಂದೆ ಇರುವುದು ಈ ವಿಚಾರ.

ಮುಸಲ್ಮಾನರ ಶ್ರದ್ಧೆಯಲ್ಲಿ ಸಾವಿಗೂ ಕಿಯಾಮತ್ತಿಗೂ ನಡುವೆ ಬರ್ಜಖ್ ಎಂಬ ಕಾಯುವ ಕಾಲವಿದೆ. ಗೋರಿಯಲ್ಲಿ ಮುನ್ಕರ್, ನಕೀರ್ ಎಂಬ ಇಬ್ಬರು ದೇವದೂತರು ಬಂದು ವಿಚಾರಣೆ ನಡೆಸುತ್ತಾರೆ. ಕೊನೆಯ ದಿನ ಪ್ರತಿಯೊಬ್ಬನೂ ತಾನು ತಾನಾಗಿಯೇ ಎದ್ದು ತನ್ನ ಲೆಕ್ಕ ಒಪ್ಪಿಸಬೇಕು. ಆದರೆ ಸೂಫಿಗಳು ಇದಕ್ಕೊಂದು ಮಾಧುರ್ಯವನ್ನು ಸೇರಿಸಿದರು. ಕಲಬುರಗಿಗೆ 1400ರ ಸುಮಾರಿಗೆ ಬಂದ ಖ್ವಾಜಾ ಬಂದೇ ನವಾಜ್ ಗೇಸೂದರಾಜರು 1422ರಲ್ಲಿ ಅಲ್ಲಿಯೇ ಮರಣಹೊಂದಿದರು. ಅವರ ಪುಣ್ಯದಿನವನ್ನು ಉರುಸ್ ಎಂದು ಆಚರಿಸುತ್ತಾರೆ. ಉರ್ಸ್ ಎಂದರೆ ಅರಬ್ಬಿಯಲ್ಲಿ ಮದುವೆ. ಸಂತನ ಸಾವು ಅವನು ತನ್ನ ಪ್ರಿಯನನ್ನು ಕೂಡುವ ದಿನ. ಶರಣ ಸತಿ, ಲಿಂಗ ಪತಿ ಎಂಬ ಭಾವವನ್ನು ಬಲ್ಲ ಕನ್ನಡಿಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕಲಬುರಗಿಯಲ್ಲಿ, ಸರಿಯಾಗಿ ನಾನೂರು ವರ್ಷಗಳ ನಂತರ, 1822ರಲ್ಲಿ ಶರಣಬಸವೇಶ್ವರರು ಲಿಂಗೈಕ್ಯರಾದರು. ಅವರು ಹುಟ್ಟಿದ್ದು ನಮ್ಮ ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ. ಇಂದು ಲಕ್ಷಾಂತರ ಜನ ತೇರೆಳೆಯುವ ಆ ದೇವಾಲಯದ ಗರ್ಭಗುಡಿಯಲ್ಲಿ ಇರುವುದು ಒಂದು ಸಮಾಧಿ. ಸಾವನ್ನು ಮೈಲಿಗೆಯೆಂದು ದೂರವಿಟ್ಟ ದೇಶದಲ್ಲಿ, ಒಂದೇ ಊರಿನ ಎರಡು ದೊಡ್ಡ ಯಾತ್ರಾಸ್ಥಳಗಳು ಎರಡು ಸಮಾಧಿಗಳು. ಎರಡೂ ಕಡೆ ಹಸಿದು ಬಂದವರಿಗೆ ಅನ್ನವುಂಟು.

ಅಫಜಲಪುರ ತಾಲೂಕಿನ ಗಾಣಗಾಪುರದ ನಂಬಿಕೆ ಇವೆಲ್ಲಕ್ಕಿಂತ ಬೇರೆ. ಭೀಮಾ ಅಮರ್ಜಾ ಸಂಗಮದ ಈ ಕ್ಷೇತ್ರದಲ್ಲಿ 15ನೆಯ ಶತಮಾನದ ನರಸಿಂಹ ಸರಸ್ವತಿಗಳ ಸಮಾಧಿಯಿಲ್ಲ, ಪಾದುಕೆಗಳಿವೆ. ಅವರು ಸಾಯಲಿಲ್ಲ, ಶ್ರೀಶೈಲದ ಬಳಿ ಕೃಷ್ಣೆಯ ಮೇಲೆ ಹೂವಿನ ಆಸನದಲ್ಲಿ ಕುಳಿತು ಕಣ್ಮರೆಯಾದರು ಎಂದು ಭಕ್ತರ ವಿಶ್ವಾಸ. ಮರಾಠಿಯ ಗುರುಚರಿತ್ರೆಯಲ್ಲಿ ಒಂದು ಕಥೆ ಬರುತ್ತದೆ. ರಾಯಚೂರಿನ ಕಡೆಯ ಕುರುವಪುರದಲ್ಲಿ ಗುರುಸೇವೆ ಮಾಡಿಕೊಂಡಿದ್ದ ಅಗಸನೊಬ್ಬ ಅರಸನ ವೈಭವವನ್ನು ಕಂಡು ಆಸೆಪಟ್ಟ. ಗುರುವಿನ ವರದಿಂದ ಅವನು ಮುಂದಿನ ಜನ್ಮದಲ್ಲಿ ಮುಸಲ್ಮಾನ ಸುಲ್ತಾನನಾಗಿ ಹುಟ್ಟಿದ. ಮೈಮೇಲೆ ಹುಣ್ಣೆದ್ದು ಗಾಣಗಾಪುರಕ್ಕೆ ಬಂದಾಗ, ಗುರುವಿನ ಒಂದು ಮಾತಿಗೆ ಹಿಂದಿನ ಜನ್ಮದ ನೆನಪು ಮರಳಿತು. ಇದು ಇತಿಹಾಸವಲ್ಲ. ಆದರೆ ಇಂಥ ಕಥೆಯನ್ನು ಶ್ರದ್ಧೆಯಿಂದ ಓದುವವರ ಮನಸ್ಸು ಇತಿಹಾಸಕ್ಕೆ ಸೇರಿದ್ದು. ಅರಮನೆಯಲ್ಲಿರುವ ಅನ್ಯಮತೀಯ ಹಿಂದೊಮ್ಮೆ ನಮ್ಮ ಕೇರಿಯವನೇ ಆಗಿದ್ದಿರಬಹುದು ಎಂದು ಅವರಿಗೆ ತೋರಿತ್ತು.

ಹಾಗೆಂದು ಎಲ್ಲ ಉತ್ತರಗಳೂ ಒಂದೇ ಎಂದು ನಾನು ಹೇಳಲಾರೆ. ಬೆರೆಯುವುದು ಬೇರೆ, ಕಾಯುವುದು ಬೇರೆ; ಮರಳಿ ಹುಟ್ಟುವುದು ಬೇರೆ, ಒಂದೇ ಸಲ ಏಳುವುದು ಬೇರೆ. ವೇದಿಕೆಯ ಮೇಲೆ ನಿಂತು ಎಲ್ಲ ಮತಗಳ ಸಾರವೂ ಒಂದೇ ಎಂದುಬಿಡುವುದು ಸುಲಭ. ಆ ಮಾತಿನಿಂದ ಚಾಚಾರಿಗೆ ಸಮಾಧಾನ ಸಿಕ್ಕುತ್ತಿರಲಿಲ್ಲ. ಭೇದವನ್ನು ಭೇದವೆಂದೇ ಒಪ್ಪಿಕೊಂಡು ಒಂದೇ ನೆಲದಲ್ಲಿ ಬಾಳುವುದು ಕಷ್ಟದ ಕೆಲಸ. ಆಳಂದದಲ್ಲಿ ಲಾಡ್ಲೆ ಮಶಾಯಿಕರ ದರ್ಗಾ ಇದೆ. ತುಕಾರಾಮರ ಗುರುಪರಂಪರೆಯಲ್ಲಿ ಹೆಸರು ಬರುವ ರಾಘವಚೈತನ್ಯರ ಸಮಾಧಿ ಮತ್ತು ಲಿಂಗವೂ ಅದೇ ಆವರಣದಲ್ಲಿವೆ. ಎರಡು ಪರಲೋಕಗಳಿಗೆ ಅಲ್ಲಿ ಒಂದೇ ಅಂಗಳ. 2022ರ ಶಿವರಾತ್ರಿಯಂದು ಅಲ್ಲಿ ಗಲಭೆಯಾಯಿತು. ಮರುವರ್ಷ ಎಷ್ಟು ಜನ ಪೂಜೆಗೆ ಹೋಗಬೇಕೆಂಬುದನ್ನು ನ್ಯಾಯಾಲಯ ಎಣಿಸಿ ಹೇಳಬೇಕಾಯಿತು. ಒಳಗೆ ಮಲಗಿದವರಲ್ಲಿ ಇಲ್ಲದ ಜಗಳ ಹೊರಗೆ ನಿಂತವರಲ್ಲಿ ಹುಟ್ಟಿತು.

ಆ ಸುದ್ದಿಯನ್ನು ಓದಿದ ದಿನ ನನಗೆ ಮತ್ತೆ ಸನ್ನತಿಯ ಕಲ್ಲು ನೆನಪಾಯಿತು. ಅದರ ಮೇಲಿರುವ 12ನೆಯ ಶಾಸನದ ತಾತ್ಪರ್ಯ ಇಷ್ಟು: ತನ್ನ ಮತದ ಮೇಲಿನ ಅಭಿಮಾನದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು. ಒಪ್ಪಬೇಕೆಂದು ಅಲ್ಲಿ ಹೇಳಿಲ್ಲ, ಕೇಳಬೇಕೆಂದಿದೆ. ಚಾಚಾ ಅಂದು ದಾರಿಯಲ್ಲಿ ಮಾಡಿದ್ದೂ ಅದನ್ನೇ. ನಮ್ಮ ತಂದೆಯವರು ಎಲ್ಲಿ ಹೋದರೆಂದು ಅವರು ನನ್ನನ್ನು ಕೇಳಿದರು. ತಮ್ಮ ನಂಬಿಕೆಯನ್ನು ಮುಚ್ಚಿಡದೆ ಹೇಳಿದರು. ಎರಡೂ ಕೂಡುವುದಿಲ್ಲವೆಂದು ಕಂಡಾಗ ಸಿಟ್ಟಾಗದೆ ದುಃಖಪಟ್ಟರು.

ಅವರ ಪ್ರಶ್ನೆಗೆ ನಾನು ಕೊನೆಗೂ ಉತ್ತರ ಕೊಡಲಾಗಲಿಲ್ಲ. ನಮ್ಮ ತಾಯಿಯವರು ಮಾತ್ರ ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ಶರಣಧರ್ಮದಲ್ಲಿ ಸತ್ತವರಿಗೆ ಎಡೆಯಿಲ್ಲವೆಂದು ನಾನು ಎಷ್ಟು ಹೇಳಿದರೂ, ಮಹಾಲಯ ಅಮಾವಾಸ್ಯೆಯ ದಿನ ತಂದೆಯವರ ಹೆಸರಿನಲ್ಲಿ ಎಡೆ ಇಡುತ್ತಿದ್ದರು. ಪೂಜೆಯಾದ ಮೇಲೆ ಎರಡು ಹೋಳಿಗೆಗಳನ್ನು ತೆಗೆದು, "ಚಾಚಾನ ಮನಿಗಿ ಕೊಟ್ಟು ಬಾ, ನಿಮ್ಮಪ್ಪಗ ಒಬ್ಬನ ಉಂಡು ಗೊತ್ತಿಲ್ಲ" ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಚಾಚಾ ತೀರಿಕೊಂಡರು. ಕಬರಸ್ತಾನಕ್ಕೆ ಹೋಗಿ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ. ಈಗ ತಾಯಿಯವರೂ ಇಲ್ಲ. ಆ ಮನೆಗೆ ಹೋಳಿಗೆ ಹೋಗುವುದು ನಿಂತಿಲ್ಲ.