ನೀರಿನಾಳದಲ್ಲಿ ದೊರೆತ ಗಟ್ಟಿನೆಲ

ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಸಂತ ಮತ್ತಾಯರು, ಸಂತ ಲೂಕರು ಇಬ್ಬರೂ ಇದನ್ನು ತಮ್ಮ ಶುಭಸಂದೇಶಗಳಲ್ಲಿ ಬರೆದಿದ್ದಾರೆ. ಆದರೆ ಲೂಕರು ಮಾತ್ರ ಒಂದು ವಿವರವನ್ನು ಸೇರಿಸುತ್ತಾರೆ: ಆ ಮನುಷ್ಯನು ಆಳವಾಗಿ ಅಗೆದನು. ಬಂಡೆಯು ನೆಲದ ಮೇಲೆಯೇ ಕಾಣುವಂತೆ ಇರಲಿಲ್ಲ; ಅಗೆದವನಿಗೆ ಅದು ದೊರೆಯಿತು. ಬಾಲಯೇಸು ಜ್ಞಾನದಲ್ಲಿ ಬೆಳೆಯುತ್ತಿದ್ದರೆಂದು ನಮಗೆ ತಿಳಿಸುವವರೂ ಇದೇ ಲೂಕರು. ಜ್ಞಾನದಲ್ಲಿ ಬೆಳೆಯುವುದಕ್ಕೂ ಆಳಕ್ಕೆ ಅಗೆಯುವುದಕ್ಕೂ ಇರುವ ನಂಟನ್ನು ಅರಿಯಲು ಇಂಗ್ಲೆಂಡಿನ ಒಂದು ಪ್ರಧಾನಾಲಯದ ಇತಿಹಾಸವು ನಮಗೆ ನೆರವಾಗುತ್ತದೆ.

ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್ ನಗರದಲ್ಲಿ 1079ರಲ್ಲಿ ಧರ್ಮಾಧ್ಯಕ್ಷ ವಾಕೆಲಿನ್ ಅವರು ಈಗಿನ ಪ್ರಧಾನಾಲಯದ ನಿರ್ಮಾಣವನ್ನು ಆರಂಭಿಸಿದರು. 13ನೆಯ ಶತಮಾನದ ಆರಂಭದಲ್ಲಿ ಅದರ ಪೂರ್ವಭಾಗವನ್ನು ವಿಸ್ತರಿಸಲಾಯಿತು. ನದಿಯ ಕಣಿವೆಯ ಆ ನೆಲದಲ್ಲಿ ಸ್ವಲ್ಪ ಅಗೆದರೆ ಸಾಕು, ನೀರು ಉಕ್ಕುತ್ತಿತ್ತು. ಮೇಲ್ಮಣ್ಣಿನ ಕೆಳಗೆ ಸಸ್ಯಗಳು ಕೊಳೆತು ಉಂಟಾದ ಮೆತ್ತನೆಯ ಕಪ್ಪು ಮಣ್ಣಿನ ಪದರವಿತ್ತು. ಅದರ ಕೆಳಗೆ ಎಂತಹ ಭಾರವನ್ನೂ ತಾಳಬಲ್ಲ ಗಟ್ಟಿ ಜಲ್ಲಿಯ ಪದರವಿತ್ತು. ಆದರೆ ಅಂದಿನ ಕಟ್ಟಡಗಾರರಿಗೆ ನೀರಿನೊಳಗೆ ಇಳಿದು ಅಗೆಯುವ ಉಪಾಯವಿರಲಿಲ್ಲ. ನೀರು ತಡೆದ ಸ್ಥಳದಲ್ಲಿಯೇ ನಿಂತರು. ಬೀಚ್ ಮರದ ದಿಮ್ಮಿಗಳನ್ನು ಅಡ್ಡಲಾಗಿ ಹಾಸಿ, ಅವುಗಳ ಮೇಲೆ ಕಲ್ಲಿನ ಗೋಡೆಗಳನ್ನು ಎಬ್ಬಿಸಿದರು.

ಅವರನ್ನು ಸೋಮಾರಿಗಳೆಂದು ನಾವು ಹಳಿಯಲಾಗದು. ಅವರ ಕೆಲಸ ಏಳುನೂರು ವರ್ಷ ನಿಂತಿತು. ಆದರೂ ಮೆತ್ತನೆಯ ಮಣ್ಣು ಭಾರಕ್ಕೆ ನಿಧಾನವಾಗಿ ಕುಗ್ಗುತ್ತಲೇ ಇತ್ತು. 20ನೆಯ ಶತಮಾನದ ಆರಂಭದ ಹೊತ್ತಿಗೆ ಪೂರ್ವಭಾಗದ ಗೋಡೆಗಳು ವಾಲಿದ್ದವು, ದೊಡ್ಡ ಬಿರುಕುಗಳು ಬಾಯ್ದೆರೆದಿದ್ದವು. ಪ್ರಾರ್ಥನೆಗೆ ಬಂದವರ ಕಣ್ಣಿಗೆ ಕಂಡದ್ದು ಗೋಡೆಯ ಬಿರುಕು. ರೋಗವಿದ್ದದ್ದು ಮಾತ್ರ ನೆಲದಡಿಯಲ್ಲಿ.

ವಾಸ್ತುಶಿಲ್ಪಿ ಥಾಮಸ್ ಜಾಕ್ಸನ್ ಮತ್ತು ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಅವರು ಪರೀಕ್ಷಿಸಿ, ಗೋಡೆಗಳನ್ನು ಜಲ್ಲಿಯ ಪದರದ ಮೇಲೆ ನಿಲ್ಲಿಸದೆ ಬೇರೆ ದಾರಿಯಿಲ್ಲವೆಂದು ಕಂಡುಕೊಂಡರು. ಆದರೆ ಗುಂಡಿ ತೋಡಿದೊಡನೆ ನೀರು ತುಂಬುತ್ತಿತ್ತು. ಪಂಪಿನಿಂದ ಅದನ್ನು ಹೊರಹಾಕಿದರೆ ನೀರಿನೊಡನೆ ಮಣ್ಣೂ ಹೊರಟುಹೋಗಿ ಗೋಡೆಯೇ ಕುಸಿಯುವ ಭಯ. ಆಗ ಕರೆಸಲಾದವರು ವಿಲಿಯಂ ವಾಕರ್ ಎಂಬ ಅನುಭವಿ ಮುಳುಗುಗಾರರು.

1906ರಿಂದ 1911ರವರೆಗೆ ವಾಕರ್ ಅವರು ಭಾರವಾದ ಮುಳುಗುಡುಪನ್ನು ಧರಿಸಿ, ಗೋಡೆಗಳ ಅಡಿಯ ಗುಂಡಿಗಳಿಗೆ ಇಳಿದರು. ಕೆಲವೆಡೆ ಆಳ ಸುಮಾರು 6 ಮೀಟರ್. ಕಪ್ಪು ಮಣ್ಣು ಕದಡಿದ ನೀರಿನಲ್ಲಿ ಬೆಳಕು ನುಸುಳುತ್ತಿರಲಿಲ್ಲ. ಕಣ್ಣಿದ್ದೂ ಪ್ರಯೋಜನವಿಲ್ಲದ ಆ ಕತ್ತಲಲ್ಲಿ ಕೈಗಳಿಂದಲೇ ತಡವರಿಸುತ್ತ, ಮೆತ್ತನೆಯ ಮಣ್ಣನ್ನು ತೆಗೆದು, ಜಲ್ಲಿಯ ಮೇಲೆ ಕಾಂಕ್ರೀಟ್ ಚೀಲಗಳನ್ನು ಒತ್ತೊತ್ತಾಗಿ ಜೋಡಿಸಿದರು. ತಳ ಹೀಗೆ ಮುಚ್ಚಿದ ಮೇಲೆ ನೀರನ್ನು ಸುರಕ್ಷಿತವಾಗಿ ಹೊರಹಾಕಬಹುದಾಗಿತ್ತು. ಅನಂತರ ಗಾರೆ ಕೆಲಸದವರು ಇಳಿದು ಹಳೆಯ ಗೋಡೆಯವರೆಗೆ ಹೊಸ ಅಡಿಪಾಯವನ್ನು ಕಟ್ಟಿದರು. ಒಟ್ಟು 25,800 ಚೀಲ ಕಾಂಕ್ರೀಟ್, 1,14,900 ಕಾಂಕ್ರೀಟ್ ಇಟ್ಟಿಗೆಬಂಡೆಗಳು ಮತ್ತು 9 ಲಕ್ಷ ಇಟ್ಟಿಗೆಗಳು ಆ ನೆಲದೊಳಗೆ ಸೇರಿದವು.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಅಡಿಪಾಯವನ್ನೆಲ್ಲ ಅವರು ಒಮ್ಮೆಗೇ ಅಗೆದು ತೆಗೆಯಲಿಲ್ಲ. ಹಾಗೆ ಮಾಡಿದ್ದರೆ ಗೋಡೆಗಳು ಉಳಿಯುತ್ತಿರಲಿಲ್ಲ. ಒಂದು ಕಿರಿದಾದ ಗುಂಡಿ ತೋಡಿ, ಅದನ್ನು ಗಟ್ಟಿಗೊಳಿಸಿ, ಬಳಿಕ ಮತ್ತೊಂದನ್ನು ತೋಡುತ್ತಿದ್ದರು. ಇಂತಹ ಇನ್ನೂರಕ್ಕೂ ಹೆಚ್ಚು ಗುಂಡಿಗಳು. ಐದು ವರ್ಷಗಳಿಗೂ ಮೀರಿದ ದುಡಿಮೆ. ಕಟ್ಟಡವನ್ನು ಕೆಡವದೆಯೇ, ನಿಂತಿದ್ದಂತೆಯೇ ಅದರ ಬುನಾದಿ ಹೊಸದಾಯಿತು.

ಪ್ರಿಯ ಓದುಗರೇ, ನಮ್ಮ ಬಾಳಿನಲ್ಲಿಯೂ ನೀರು ಉಕ್ಕಿದ ಸ್ಥಳದಲ್ಲಿ ನಾವು ಅಗೆಯುವುದನ್ನು ನಿಲ್ಲಿಸಿರುತ್ತೇವೆ. ಅಣ್ಣತಮ್ಮಂದಿರ ನಡುವೆ ಆಡದೆ ಉಳಿದ ಒಂದು ಮಾತು, ಮಕ್ಕಳು ಕೇಳಿದಾಗ ನಾವು ಜಾರಿಕೊಂಡ ಒಂದು ಪ್ರಶ್ನೆ, ಬಾಯಿಪಾಠವಾದರೂ ಎದೆಗಿಳಿಯದ ಪ್ರಾರ್ಥನೆ: ಇವುಗಳ ಮೇಲೆಯೇ ದಿಮ್ಮಿ ಹಾಸಿ ಸಂಸಾರವನ್ನು ಕಟ್ಟಿರುತ್ತೇವೆ. ಮನೆ ಬಹುಕಾಲ ನಿಲ್ಲಲೂಬಹುದು. ಬಿರುಕು ಕಂಡಾಗ ಅದಕ್ಕೆ ಸುಣ್ಣ ಬಳಿಯುವುದು ಸುಲಭ. ಅದು ಎಲ್ಲಿಂದ ಬಂದಿತೆಂದು ಇಳಿದು ನೋಡುವುದು ಜ್ಞಾನ. ಮದುವೆಯಾಗಿ ಮೂವತ್ತು ವರ್ಷ ಕಳೆದವರಿಗೂ, ಪ್ರಾಯ ಸಂದವರಿಗೂ ಈ ಕೆಲಸಕ್ಕೆ ಕಾಲ ಮಿಂಚಿಲ್ಲ. ಆದರೆ ಎಲ್ಲವನ್ನೂ ಒಂದೇ ದಿನದಲ್ಲಿ ತಿದ್ದಹೊರಟರೆ ಮನೆಯೇ ಅಲುಗೀತು. ಈ ವಾರ ಒಂದು ಕ್ಷಮೆ, ಮುಂದಿನ ವಾರ ಒಂದು ನೇರವಾದ ಮಾತು. ಹೀಗೆ ಒಂದೊಂದೇ ಗುಂಡಿ.

ಇಂತಹ ಕೆಲಸಕ್ಕೆ ನೋಡುವವರು ಇರುವುದಿಲ್ಲ. 1912ರ ಜುಲೈ 15ರಂದು ವಿಂಚೆಸ್ಟರಿನಲ್ಲಿ ಕೃತಜ್ಞತಾರಾಧನೆ ನಡೆದಾಗ ದೊರೆ ಐದನೆಯ ಜಾರ್ಜ್ ಅವರೂ ಬಂದಿದ್ದರು. ವಾಕರ್ ಅವರಿಗೆ ರಾಜಮನ್ನಣೆಯೂ ದೊರೆಯಿತು. ಆದರೆ 1918ರ ಇನ್‌ಫ್ಲುಯೆನ್ಜಾ ಪಿಡುಗಿನಲ್ಲಿ ಅವರು ತೀರಿಕೊಂಡರು. 1964ರಲ್ಲಿ ಅವರ ನೆನಪಿಗೆಂದು ಅಲ್ಲಿ ಸ್ಥಾಪಿಸಿದ ಪ್ರತಿಮೆಯಲ್ಲಿ ಪ್ರಮಾದವಶಾತ್ ಎಂಜಿನಿಯರ್ ಫಾಕ್ಸ್ ಅವರ ಮುಖವನ್ನು ಕಡೆಯಲಾಗಿತ್ತು. ವಾಕರ್ ಅವರದೇ ಮುಖವುಳ್ಳ ಪ್ರತಿಮೆ ಬಂದದ್ದು 2001ರಲ್ಲಿ. ಆ ಮೂವತ್ತೇಳು ವರ್ಷಗಳಲ್ಲಿಯೂ ಪ್ರಧಾನಾಲಯದ ಗೋಡೆಗಳು ಅವರು ಕತ್ತಲಲ್ಲಿ ಜೋಡಿಸಿದ ಚೀಲಗಳ ಮೇಲೆಯೇ ನೆಟ್ಟಗೆ ನಿಂತಿದ್ದವು.