ಜಾಲತಾಣಗಳಲ್ಲಿ ಸ್ಕ್ರಿಪ್ಟ್ ಜೋಡಣೆ

ಸ್ಕ್ರಿಪ್ಟ್ ಜೋಡಣೆ ಎಂಬುದು ಜಾಲತಾಣದ ಥೀಮ್ ಮತ್ತು ಪ್ಲಗಿನ್‌ಗಳಿಗೆ ಬೇಕಾದ ಜಾವಾಸ್ಕ್ರಿಪ್ಟ್ ಕಡತಗಳನ್ನು ಸರಿಯಾದ ಕ್ರಮದಲ್ಲಿ, ಒಮ್ಮೆ ಮಾತ್ರ ಪುಟಕ್ಕೆ ತರುವ ವ್ಯವಸ್ಥೆ. ಥೀಮನ್ನು ಒಬ್ಬರು, ಪ್ಲಗಿನ್‌ಗಳನ್ನು ಬೇರೆ ಬೇರೆಯವರು ರಚಿಸಿರುತ್ತಾರೆ. ಅವರಿಗೆ ಪರಸ್ಪರ ಪರಿಚಯವಿರುವುದಿಲ್ಲ. ಅವರ ಬರಹಗಳು ಮಾತ್ರ ಓದುಗನ ಬ್ರೌಸರಿನಲ್ಲಿ ಒಂದೇ ಪುಟದಲ್ಲಿ ಸಂಧಿಸುತ್ತವೆ.

ಸಂಘರ್ಷದ ಕಾರಣಗಳು

2005ರ ಪ್ರೊಟೊಟೈಪ್ ಮತ್ತು 2006ರ ಜೆಕ್ವೆರಿ ಲೈಬ್ರರಿಗಳೆರಡೂ ಡಾಲರ್ ಚಿಹ್ನೆಯನ್ನೇ ತಮ್ಮ ಹೆಸರಾಗಿ ಬಳಸಿದವು. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ವಿದ್ಯಾರ್ಥಿಗಳಿದ್ದಂತೆ, ಕರೆದಾಗ ಯಾರು ಓಗೊಡಬೇಕೆಂಬ ಗೊಂದಲ ಇದರಿಂದ ಉಂಟಾಯಿತು. ಇದನ್ನು ತಪ್ಪಿಸಲು ಜೆಕ್ವೆರಿಯಲ್ಲಿ 'ನೋಕಾನ್‌ಫ್ಲಿಕ್ಟ್' ಎಂಬ ಸೌಲಭ್ಯವಿದ್ದು, ಅದು ಚಿಹ್ನೆಯನ್ನು ಮೊದಲಿನ ಒಡೆಯನಿಗೆ ಮರಳಿಸುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಒಂದೇ ಲೈಬ್ರರಿಯ ಎರಡು ಪ್ರತಿಗಳ ಸಮಸ್ಯೆ. ಎರಡನೆಯ ಪ್ರತಿ ಬಂದೊಡನೆ, ಮೊದಲನೆಯದಕ್ಕೆ ಸೇರಿಸಿದ್ದ ಸೌಲಭ್ಯಗಳು ಕಾಣದಾಗುತ್ತವೆ.

ವರ್ಡ್‌ಪ್ರೆಸ್

ವರ್ಡ್‌ಪ್ರೆಸ್ ತನ್ನೊಡನೆಯೇ ಜೆಕ್ವೆರಿಯನ್ನು ನೀಡುತ್ತದೆ. ಥೀಮ್ ಕಡತದಲ್ಲಿ ನೇರವಾಗಿ ಸ್ಕ್ರಿಪ್ಟ್ ಟ್ಯಾಗ್ ಬರೆಯದೆ, 'ಡಬ್ಲ್ಯೂಪಿ ಎನ್‌ಕ್ಯೂ ಸ್ಕ್ರಿಪ್ಟ್' ಎಂಬ ಫಂಕ್ಷನ್ ಮೂಲಕ ಕಡತದ ಹೆಸರು, ವಿಳಾಸ, ಅವಲಂಬನೆ ಮತ್ತು ಆವೃತ್ತಿಯನ್ನು ತಿಳಿಸಬೇಕು. ಅವಲಂಬನೆಯನ್ನು ತಿಳಿಸಿದರೆ ಕ್ರಮವನ್ನು ವರ್ಡ್‌ಪ್ರೆಸ್ ತಾನೇ ನಿರ್ಧರಿಸುತ್ತದೆ. 2020ರ ಆಗಸ್ಟ್‌ನಲ್ಲಿ ಬಂದ 5.5ನೇ ಆವೃತ್ತಿಯು, ಹಳೆಯ ಬರಹಗಳಿಗೆ ಊರುಗೋಲಾಗಿದ್ದ ಜೆಕ್ವೆರಿ ಮೈಗ್ರೇಟ್ ಅನ್ನು ಕೈಬಿಟ್ಟಾಗ ಅನೇಕ ಹಳೆಯ ಥೀಮ್ ಮತ್ತು ಪ್ಲಗಿನ್‌ಗಳು ಕೆಟ್ಟವು. ಅದೇ ಡಿಸೆಂಬರ್‌ನ 5.6ನೇ ಆವೃತ್ತಿಯಲ್ಲಿ ಜೆಕ್ವೆರಿ 3.5.1ರ ಜೊತೆಗೆ ಮೈಗ್ರೇಟ್‌ನ ಹೊಸ ಆವೃತ್ತಿಯೂ ಮರಳಿತು.

ಕನ್ನಡ ವಿಕಿಪೀಡಿಯ

ಮೀಡಿಯಾವಿಕಿ ತಂತ್ರಾಂಶದಲ್ಲಿ ಇದೇ ಕೆಲಸವನ್ನು 2011ರ 1.17ನೇ ಆವೃತ್ತಿಯಿಂದ ರಿಸೋರ್ಸ್‌ಲೋಡರ್ ನಿರ್ವಹಿಸುತ್ತಿದೆ. ಕನ್ನಡ ಬೆರಳಚ್ಚಿಗೆ ನೆರವಾಗುವ ಜೆಕ್ವೆರಿ ಐಎಂಇ ಕೂಡ ಹೀಗೆಯೇ ಪುಟಕ್ಕೆ ಬರುತ್ತದೆ. ಅದರಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಮತ್ತು ಕೆಜಿಪಿ ವಿನ್ಯಾಸಗಳಿವೆ. ಬಳಕೆದಾರನೊಬ್ಬ ತನ್ನ ಸ್ಕ್ರಿಪ್ಟ್ ಪುಟದ ಮೂಲಕ ಹೊರಗಿನಿಂದ ಇನ್ನೊಂದು ಜೆಕ್ವೆರಿಯನ್ನು ತಂದುಕೊಂಡರೆ, ಅವನ ಪಾಲಿಗೆ ಈ ಸೌಲಭ್ಯ ಕೆಲಸ ಮಾಡದಿರಬಹುದು. ಕೀಲಿಮಣೆ ಒತ್ತಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರವೇ ಮೂಡುತ್ತದೆ. ಅನೇಕರು ಇಂತಹ ಸಂದರ್ಭದಲ್ಲಿ ಫಾಂಟನ್ನು ದೂರುವುದುಂಟು. ಫಾಂಟಿನ ದೋಷವಲ್ಲ ಅದು.

ಪತ್ತೆ

ಬ್ರೌಸರಿನ ಕನ್ಸೋಲ್‌ನಲ್ಲಿ ದೋಷದ ಸಂದೇಶವೂ ಅದು ಹುಟ್ಟಿದ ಕಡತದ ಹೆಸರೂ ಕಾಣುತ್ತವೆ. ವರ್ಡ್‌ಪ್ರೆಸ್ ತಾಣವಾದರೆ ಎಲ್ಲ ಪ್ಲಗಿನ್‌ಗಳನ್ನು ನಿಲ್ಲಿಸಿ, ಮೂಲ ಥೀಮಿಗೆ ಬದಲಿಸಿ, ನಂತರ ಒಂದೊಂದನ್ನೇ ಚಾಲನೆಗೊಳಿಸುತ್ತಾ ನೋಡುವುದು ರೂಢಿ. ತಾಣದ ಪ್ರತಿಯೊಂದರ ಮೇಲೆ ಈ ಪರೀಕ್ಷೆ ನಡೆಸಿದರೆ ಓದುಗರಿಗೆ ಅಡಚಣೆಯಾಗದು.