ಪೇಟೆಯ ಟ್ರಕ್ಕಿಗೆ ಸಮವಸ್ತ್ರ

ಕಳೆದ ಮಳೆಗಾಲದಲ್ಲಿ ಹಳೆಯ ವಾಹನಗಳ ಒಂದು ವಿಡಿಯೋ ಸರಣಿಗೆ ಕನ್ನಡ ಸಬ್‌ಟೈಟಲ್ ಮಾಡಿಕೊಡುವ ಕೆಲಸ ಬಂದಿತ್ತು. ಪುಣೆಯ ಬಾಡಿಗೆ ಮನೆಯಲ್ಲಿ ಕೂತು 'ಮಿಲಿಟರಿ ಸರ್‌ಪ್ಲಸ್' ಎಂಬ ಎರಡೇ ಪದಗಳಿಗೆ ಅರ್ಧ ದಿನ ಕಳೆದೆ. 'ಹೆಚ್ಚುವರಿ' ಎಂದರೆ ಬೇಕಾದ್ದಕ್ಕಿಂತ ಜಾಸ್ತಿ ಕೊಂಡರು ಅಂತಾಗುತ್ತದೆ. 'ವಿಲೇವಾರಿ' ಎಂದರೆ ಕಸದ ನೆನಪಾಗುತ್ತದೆ. ಕೊನೆಗೆ 'ಸೇನೆಯ ಹರಾಜು ಮಾಲು' ಎಂದು ಬರೆದು ಕೈತೊಳೆದುಕೊಂಡೆ. ಆದರೆ ಆ ಮಾಲಿನ ಕತೆ ಬಿಡಲಿಲ್ಲ.

ಸೇನೆಯ ಲಾರಿ ಎಂದರೆ ಯುದ್ಧಕ್ಕೆಂದೇ ಹುಟ್ಟಿದ ಗಾಡಿ ಎಂದು ನಾವು ಅಂದುಕೊಳ್ಳುತ್ತೇವೆ. ಅಮೆರಿಕದ ಸೇನೆಯೂ ಹಾಗೇ ಅಂದುಕೊಂಡು ಕೆಲವು ಗಾಡಿಗಳನ್ನು ಮಾಡಿಸಿತ್ತು. 'ಗಾಮಾ ಗೋಟ್' ಅಂಥದ್ದು: ಆರು ಚಕ್ರ, ನಡುವೆ ಮಡಚಿಕೊಳ್ಳುವ ಮೈ, ನೀರಿನಲ್ಲೂ ತೇಲಬಲ್ಲದು. ಅದರ ಸದ್ದಿಗೆ ಓಡಿಸುವವನು ಕಿವಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಸೇನೆಯ ದಿನನಿತ್ಯದ ಕೆಲಸ ಯಾವುದು? ಅಕ್ಕಿ ಬೇಳೆ, ಡೇರೆ, ಟಪಾಲು, ಬ್ಯಾಟರಿ ಇವನ್ನು ನೆಲೆಯ ಒಳಗೆ, ಇಲ್ಲವೇ ಡಾಂಬರು ರಸ್ತೆಯ ಮೇಲೆ ಸಾಗಿಸುವುದು. ಅದಕ್ಕೆ ತೇಲುವ ಗಾಡಿ ಯಾಕೆ?

ಆ ಪ್ರಶ್ನೆಗೆ ಉತ್ತರ ಅಂಗಡಿಯಲ್ಲೇ ಸಿಕ್ಕಿತು. 1967ರಲ್ಲಿ ಜೀಪ್ ಗ್ಲಾಡಿಯೇಟರ್ ಎಂಬ ಪೇಟೆ ಪಿಕಪ್ಪನ್ನೇ ತಿದ್ದಿ ಎಂ715 ಮಾಡಿದರು. 1970ರ ದಶಕದ ನಡುವಿನಲ್ಲಿ ಡಾಡ್ಜ್ ಪಿಕಪ್ಪುಗಳು ಎಂ880 ಎಂಬ ಹೆಸರಿನಲ್ಲಿ ಬಂದವು. ಮೂರನೆಯ ಸರದಿ ಜನರಲ್ ಮೋಟರ್ಸಿನದು. 1984ರ ಮಾಡೆಲ್‌ನಿಂದ ಶುರುವಾಗಿ ಸುಮಾರು 70,000 ಶೆವ್ರೊಲೆ ಗಾಡಿಗಳು ಸೇನೆ ಸೇರಿದವು. ಹೆಸರು 'ಕಮರ್ಷಿಯಲ್ ಯುಟಿಲಿಟಿ ಕಾರ್ಗೋ ವೆಹಿಕಲ್'. ಸೈನಿಕರ ಬಾಯಲ್ಲಿ ಅದು 'ಕಟ್-ವೀ' ಆಯಿತು. ಸೇನೆಯ ಗಾಡಿಯ ಹೆಸರಿನ ಮೊದಲ ಪದವೇ 'ಕಮರ್ಷಿಯಲ್' ಎಂಬುದನ್ನು ಗಮನಿಸಿ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಇದರಲ್ಲಿ ಎಂ1008 ಎಂಬುದು ಒಂದೂಕಾಲು ಟನ್ ವರ್ಗದ ಪಿಕಪ್, ಎಂ1009 ಎಂಬುದು ಬ್ಲೇಜರ್, ಎಂ1010 ಆಂಬುಲೆನ್ಸ್. ಎಲ್ಲಕ್ಕೂ 6.2 ಲೀಟರಿನ ಎಂಟು ಸಿಲಿಂಡರ್ ಡೀಸೆಲ್ ಇಂಜಿನ್, ಟರ್ಬೋ ಇಲ್ಲ, ಮೂರು ಗೇರಿನ ಆಟೋಮ್ಯಾಟಿಕ್. ಬಾಗಿಲು, ಸೀಟು, ಸ್ಟೀರಿಂಗ್ ಎಲ್ಲ ಯಾವ ರೈತನೂ ಕೊಳ್ಳಬಹುದಾಗಿದ್ದ ಪಿಕಪ್ಪಿನದೇ. ಅದರ ಮೇಲೆ ಹಸಿರು ಬಣ್ಣ, ಕತ್ತಲಲ್ಲಿ ಶತ್ರುವಿಗೆ ಕಾಣದಂತೆ ಓಡಿಸಲು ಮಂದ ದೀಪ, ಬಂದೂಕು ಇಡುವ ಸ್ಟ್ಯಾಂಡು. ಕವಚ ಮಾತ್ರ ಇಲ್ಲ.

ನಿಜವಾದ ಬದಲಾವಣೆ ಇದ್ದದ್ದು ವಿದ್ಯುತ್ತಿನಲ್ಲಿ. ಪೇಟೆಯ ಗಾಡಿಗೆ 12 ವೋಲ್ಟ್, ಸೇನೆಯ ರೇಡಿಯೋಗಳಿಗೆ 24 ವೋಲ್ಟ್. ಇಂಜಿನಿಯರುಗಳು ಎರಡನ್ನೂ ಒಂದೇ ಮನೆಯಲ್ಲಿಟ್ಟರು: ಎರಡು ಬ್ಯಾಟರಿ, ಎರಡು ಆಲ್ಟರ್ನೇಟರ್. ಸ್ಟಾರ್ಟರ್ ತಿರುಗುವುದು 24ರಲ್ಲಿ, ದೀಪಗಳು ಉರಿಯುವುದು 12ರಲ್ಲಿ. ಚಳಿಯಲ್ಲಿ ಡೀಸೆಲ್ ಹೊತ್ತಿಸಲು ಬೇಕಾದ ಗ್ಲೋ ಪ್ಲಗ್‌ಗಳು 12ರವು, ಆದರೆ ಅವಕ್ಕೆ 24ರ ವಿದ್ಯುತ್ತನ್ನು ತಡೆಯೊಂದರ ಮೂಲಕ ಇಳಿಸಿ ಕೊಡುತ್ತಿದ್ದರು. ಮುಂದೆ ಮಾಲೀಕರಾದವರ ನಿದ್ದೆ ಕೆಡಿಸಿದ್ದು ಹೆಚ್ಚಾಗಿ ಈ ಒಂದು ಏರ್ಪಾಡು.

ವರ್ಷಗಳು ಕಳೆದಂತೆ ಹಂವೀಗಳು ಹೆಚ್ಚಿದವು, ಕಟ್-ವೀಗಳು ಹರಾಜಿನ ಅಂಗಳಕ್ಕೆ ಬಂದವು. ಕೆಲವನ್ನು ಸರ್ಕಾರವೇ ಹಳ್ಳಿಗಳ ಅಗ್ನಿಶಾಮಕ ದಳಗಳಿಗೆ ಬಳಸಲು ಕೊಟ್ಟಿತು. ಹಿಂದೆ ನೀರಿನ ಟ್ಯಾಂಕು ಕೂರಿಸಿಕೊಂಡು ಅವು ಹುಲ್ಲುಗಾವಲಿನ ಬೆಂಕಿಗೆ ಓಡಿದವು. ಉಳಿದವನ್ನು ಜನ ಕೊಂಡರು. 2000ದ ದಶಕದಲ್ಲಿ ಹರಾಜು ಇಂಟರ್ನೆಟ್ಟಿಗೆ ಬಂದ ಮೇಲೆ ಗಾಡಿಯನ್ನು ಫೋಟೋದಲ್ಲೇ ನೋಡಿ ಬಿಡ್ ಹಾಕುವವರು ಹೆಚ್ಚಾದರು. ನಿಯಮ ಒಂದೇ: ಇದ್ದಲ್ಲಿ, ಇದ್ದ ಹಾಗೆ. 'ಸ್ಟ್ಯಾಂಡರ್ಡ್ ಫಾರ್ಮ್ 97' ಎಂಬ ಕಾಗದ ಕೈಗೆ ಬಾರದಿದ್ದರೆ ನೋಂದಣಿ ಮಾಡಿಸುವುದು ತಲೆನೋವು.

ಕೊಂಡವರು ಮೋಸ ಹೋಗುತ್ತಿದ್ದದ್ದು ಓಡೋಮೀಟರ್ ನೋಡಿ. ಇಪ್ಪತ್ತು ವರ್ಷದ ಗಾಡಿ ಅಷ್ಟು ಕಡಿಮೆ ಓಡಿದೆ ಎಂದರೆ ಬಾಯಲ್ಲಿ ನೀರು. ಆದರೆ ನಿಂತ ಗಾಡಿಗೂ ವಯಸ್ಸಾಗುತ್ತದೆ: ಸೀಲುಗಳು ಒಣಗುತ್ತವೆ, ಟೈರು ಬಿರುಕು ಬಿಡುತ್ತದೆ. ಗ್ಲೋ ಪ್ಲಗ್‌ಗಳ ರಿಲೇ ಅಂಟಿಕೊಂಡರೆ ಪ್ಲಗ್‌ಗಳು ಕಾಯುತ್ತಲೇ ಇದ್ದು, ಊದಿ, ಬಿಚ್ಚುವಾಗ ತುದಿ ಮುರಿಯುತ್ತದೆ. ಆ ಚೂರು ಸಿಲಿಂಡರಿಗೆ ಬಿದ್ದರೆ ಅಗ್ಗದ ಗಾಡಿ ಅಲ್ಲಿಗೆ ದುಬಾರಿ. ಅದಕ್ಕೇ ಅನುಭವಸ್ಥರು ಆ ತಡೆಯನ್ನೇ ಕಿತ್ತು, ಮೊದಲ ಬ್ಯಾಟರಿಯಿಂದ ನೇರ ತಂತಿ ಎಳೆದು, ಕೈಯಲ್ಲಿ ಒತ್ತುವ ಗುಂಡಿ ಹಾಕಿಕೊಂಡರು. ಹಳೆಯ ಬಣ್ಣವನ್ನು ಉಜ್ಜುವಾಗಲೂ ಎಚ್ಚರ ಬೇಕು. ರಾಸಾಯನಿಕ ದಾಳಿ ತಡೆಯಲೆಂದು ಬಳಿದ ಆ ಬಣ್ಣದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಎಂ1008 ಹೆದ್ದಾರಿಯಲ್ಲಿ ಗಂಟೆಗೆ ತೊಂಬತ್ತು ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಅರಚತೊಡಗುತ್ತದೆ, ಏಕೆಂದರೆ ಅದರ ಆಕ್ಸಲ್ಲಿನ ಗೇರು ಭಾರ ಎಳೆಯಲು ಹಾಕಿದ್ದು. ಆದರೆ ಆ ಆಕ್ಸಲ್ಲುಗಳು ಎಷ್ಟು ಗಟ್ಟಿಯೆಂದರೆ, ಬರೀ ಅವಕ್ಕಾಗಿ ಇಡೀ ಗಾಡಿ ಕೊಂಡು, ಬಿಚ್ಚಿ, ಇನ್ನೊಂದು ಪೇಟೆ ಪಿಕಪ್ಪಿನ ಕೆಳಗೆ ಕೂರಿಸಿದವರಿದ್ದಾರೆ. ಪೇಟೆಯಿಂದ ಹೋದದ್ದು ಪೇಟೆಗೇ ಮರಳಿತು.

ನಮ್ಮಲ್ಲೂ ಇದರ ಸೋದರಸಂಬಂಧಿ ಇದೆ. ನಿಸ್ಸಾನ್ ಪ್ಯಾಟ್ರೋಲ್ ಆಧರಿಸಿ ಜಬಲ್ಪುರದಲ್ಲಿ ತಯಾರಾದ ಜೋಂಗಾ. ಹೆಸರು ಕೇಳಿದರೆ ಯಾವುದೋ ಬುಡಕಟ್ಟಿನ ಪದ ಅನಿಸುತ್ತದೆ. ಅಸಲಿಗೆ ಅದು 'ಜಬಲ್ಪುರ್ ಆರ್ಡ್ನೆನ್ಸ್ ಅಂಡ್ ಗನ್‌ಕ್ಯಾರೇಜ್ ಅಸೆಂಬ್ಲಿ' ಎಂಬುದರ ಮೊದಲಕ್ಷರಗಳು. 2019ರಲ್ಲಿ ಧೋನಿ ಒಂದನ್ನು ಕೊಂಡಾಗ ಸುದ್ದಿಯಾಯಿತು. ಸೇನೆ ಕೈಬಿಟ್ಟ ವಾಹನಗಳು ಇಂದು ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿನಲ್ಲಿ ಬರುತ್ತವೆ. ಅಲ್ಲಿಯೂ ಷರತ್ತು ಅದೇ, ಇದ್ದಲ್ಲಿ ಇದ್ದ ಹಾಗೆ.

ನಿಮ್ಮಲ್ಲಿ ಯಾರಿಗಾದರೂ ಆಸೆ ಇದ್ದರೆ, ಬಿಡ್ ಹಾಕುವ ಮೊದಲು ಹೋಗಿ ನೋಡಿ. ಕಾಗದ ಕೇಳಿ, ಇಂಜಿನ್ ಅಡಿಯ ನೆಲ ನೋಡಿ, ಬಿಡಿಭಾಗ ಸಿಗುತ್ತದೆಯೇ ವಿಚಾರಿಸಿ. ಕೊಂಡ ದರದ ಜೊತೆಗೆ ಮೊದಲ ವರ್ಷದ ರಿಪೇರಿಯನ್ನೂ ಸೇರಿಸಿ ಲೆಕ್ಕ ಹಾಕಿ. ಸಮವಸ್ತ್ರ ನೋಡಿ ಸೋಲಬೇಡಿ. ಒಳಗಿರುವುದು ಯಾರೋ ವರ್ಷಗಟ್ಟಲೆ ಸವೆಸಿದ, ಅಥವಾ ಮೂಲೆಯಲ್ಲಿ ಮರೆತಿಟ್ಟ ಒಂದು ಪೇಟೆ ಟ್ರಕ್ಕು.